ಸ್ಟೇಜ್ ಆಮೇಲೆ, ಮೊದಲು ಕೀಲಿ ಕೇಳಿ

(ಕಲಬುರಗಿಯಲ್ಲಿ ಬಡಾವಣೆ ನಿವಾಸಿಗಳ ಒಂದು ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಓಣಿಯ ಗಾರ್ಡನ್‌ನಲ್ಲಿ ಕಾರ್ಯಕ್ರಮ ಮಾಡುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಅಂದಿರಿ. ನಾನು ಇದನ್ನು ಓದಿ ಕಲಿತವನಲ್ಲ, ಕೆಡಿಸಿ ಕಲಿತವನು. ಹಾಗಾಗಿ ಕೆಡಿಸಿದ್ದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಗಾರ್ಡನ್ ಇದೆ. ನಾಲ್ಕು ಬೇವಿನ ಮರ, ಒಂದು ಹುಣಸೆ, ಮಕ್ಕಳ ಜಾರುಬಂಡಿ, ನಡೆಯುವವರಿಗೆ ಸುತ್ತಲೂ ದಾರಿ. ಅಲ್ಲಿ ಬಡಾವಣೆಯವರದೇ ಒಂದು ಹಬ್ಬ ಮಾಡೋಣ ಅಂತ ನಾಲ್ಕು ಸಲ ಮೀಟಿಂಗ್ ಮಾಡಿದೆವು. ನಾಲ್ಕು ಮೀಟಿಂಗ್‌ನಲ್ಲಿ ಚರ್ಚೆ ಆಗಿದ್ದೇನು ಗೊತ್ತಾ? ಕರಪತ್ರದಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ. ಸ್ಟೇಜ್ ಎಷ್ಟು ಅಡಿ. ಶಾಲು ಯಾವ ಬಣ್ಣ. ಹಾರ ಎಷ್ಟು.

ಫೆಬ್ರವರಿ ಕೊನೆಯ ಭಾನುವಾರ, ಬೆಳಿಗ್ಗೆ 10ಕ್ಕೆ ಬನ್ನಿ ಅಂತ ಕರೆದೆವು. ಮಂದಿ ಬಂದರು, ಚೆನ್ನಾಗೇ ಬಂದರು. ಅತಿಥಿಗಳು ಬಂದಿದ್ದು 11.30ಕ್ಕೆ. ಅಷ್ಟರಲ್ಲಿ ಬಿಸಿಲು ಮಕ್ಕಳ ನೆತ್ತಿ ಮೇಲೆ ಬಂದಿತ್ತು. ಶಾಮಿಯಾನ ಹಾಕಿಸಿದ್ದು ಸ್ಟೇಜಿಗೆ ಮಾತ್ರ. ಮಾತಾಡುವವರಿಗೆ ನೆರಳು, ಕೇಳುವವರಿಗೆ ಬಿಸಿಲು! 12ಕ್ಕೆ ನಾನು ವಂದನಾರ್ಪಣೆಗೆ ಎದ್ದಾಗ ಎದುರಿಗೆ ಇದ್ದವರು ಮೈಕ್‌ನವನು, ಪೆಂಡಾಲ್‌ನವನು, ಇನ್ನೊಂದಿಷ್ಟು ಖಾಲಿ ಖುರ್ಚಿ.

ಮನೆಗೆ ಹೋಗಿ ಸಿಟ್ಟಿನಲ್ಲಿ ಅಂದೆ, ಈ ಓಣಿಯ ಹೆಣ್ಣುಮಕ್ಕಳಿಗೆ ಆಸಕ್ತಿಯೇ ಇಲ್ಲ, ಒಂದು ತಾಸು ಕೂರಲಿಲ್ಲ ಅಂತ. ಮನೆಯಾಕೆ ರೊಟ್ಟಿ ಬಡಿಯುತ್ತಾ ಇದ್ದವಳು ತಲೆ ಎತ್ತಲೂ ಇಲ್ಲ. "ಗಾರ್ಡನ್‌ನಾಗಿನ ಪಾಯಖಾನಿಗಿ ಕೀಲಿ ಹಾಕಿತ್ತು. ಸ್ಟೇಜ್ ಮ್ಯಾಲ ಏಳು ಮಂದಿ ಕುಂತಿದ್ರಿ. ಕೀಲಿ ಯಾರ ಹತ್ರ ಅದ ಅಂತ ಒಬ್ಬರಿಗಾದ್ರೂ ಗೊತ್ತಿತ್ತೇನು?" ಅಂದಳು.

ಗೊತ್ತಿರಲಿಲ್ಲ. ಶಾಲಿನ ಬಣ್ಣ ಗೊತ್ತಿತ್ತು.

ಮರುದಿನ ಮಾಲಿ ಕರೆದುಕೊಂಡು ಹೋಗಿ ಇನ್ನೊಂದು ತೋರಿಸಿದ. ಪೆಂಡಾಲಿನ ಕಂಬಕ್ಕೆ ಹೊಡೆದ ಗೂಟ ನೆಲದೊಳಗಿನ ನೀರಿನ ಪೈಪನ್ನೇ ಸೀಳಿತ್ತು. ಹುಲ್ಲಿಗೆ ನೀರು ನಿಂತುಹೋಯಿತು. ಆಮೇಲೆ ಬೇಸಿಗೆ. ಸ್ಟೇಜ್ ಇದ್ದ ಜಾಗ ಮಳೆಗಾಲದವರೆಗೂ ಬೋಳು ತಲೆಯ ಹಾಗೆ ಕಾಣುತ್ತಿತ್ತು. ನಾನು ವಾಕಿಂಗ್‌ಗೆ ಹೋದಾಗೆಲ್ಲ ಆ ಕಡೆ ನೋಡದೆ ನಡೆಯುತ್ತಿದ್ದೆ.

ಇಷ್ಟು ಆದಮೇಲೆ ಒಂದು ಕೆಲಸ ಮಾಡಿದೆ. ಸುಮ್ನೆ ಹೋಗಿ ಕೂತೆ. ಒಂದು ವಾರ, ಬೇರೆ ಬೇರೆ ಹೊತ್ತಿನಲ್ಲಿ, ಒಂದು ನೋಟ್‌ಬುಕ್ ಹಿಡಿದುಕೊಂಡು. ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಅಂತ ಬರೆದೆ. ಯಾವ ಗಾರ್ಡನ್‌ನಲ್ಲೇ ಆಗಲಿ, ಕಾರ್ಯಕ್ರಮ ಮಾಡುವ ಮೊದಲು ಈ ಒಂದು ವಾರ ಕೂತುಬಿಡಿ. ನಾಲ್ಕು ಮೀಟಿಂಗ್‌ಗಿಂತ ಇದು ಜಾಸ್ತಿ ಹೇಳುತ್ತದೆ.

ಬೆಳಿಗ್ಗೆ 5.30ಕ್ಕೆ ನಡೆಯುವವರು. 7ಕ್ಕೆ ಯೋಗದವರು, ಗಟ್ಟಿಯಾಗಿ ನಗುವವರು. 10 ಆದಮೇಲೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಜಿಲ್ಲೆಯ ಊರೂರಿನಿಂದ ಬಂದು ಸಣ್ಣ ರೂಮ್‌ಗಳಲ್ಲಿ ಇರುವ ಮಕ್ಕಳು. ರೂಮಿನಲ್ಲಿ ಸೆಕೆ, ಹಾಗಾಗಿ ಮರದ ಕೆಳಗೆ. ಮಧ್ಯಾಹ್ನ ಆಟೋದವರು, ಕಟ್ಟಡ ಕೆಲಸದವರು ಬುತ್ತಿ ಬಿಚ್ಚಿ ಉಂಡು, ಅರ್ಧ ತಾಸು ಅಡ್ಡಾಗುತ್ತಾರೆ. ಸಂಜೆ 5ರ ಮೇಲೆ ಮಕ್ಕಳು, ಅವರ ಹಿಂದೆ ಅಜ್ಜಿಯರು. ಗಾರ್ಡನ್ ಖಾಲಿ ಇರುವ ಹೊತ್ತೇ ಇಲ್ಲ. ನಾವು ಯಾವ ಹೊತ್ತಿಗೆ ಕಾರ್ಯಕ್ರಮ ಇಟ್ಟರೂ ಯಾರನ್ನೋ ಎಬ್ಬಿಸುತ್ತೇವೆ. ನಮ್ಮ ಭಾನುವಾರದ ಸಂಭ್ರಮಕ್ಕೆ ಓದುವ ಮಕ್ಕಳು ಎದ್ದು ಹೋಗಿದ್ದರು, ನಮಗೆ ಕಂಡಿರಲೇ ಇಲ್ಲ.

ಆಗ ನನಗೆ ಎಳ್ಳ ಅಮಾವಾಸ್ಯೆ ನೆನಪಾಯಿತು.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ದಿನ ಬೆಳಿಗ್ಗೆಯಿಂದಲೇ ಊರು ಖಾಲಿ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹಿಂಡಿ, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ. ಚರಗ ಚೆಲ್ಲಿ, ಅಂದರೆ ತಂದ ಅಡುಗೆಯಲ್ಲಿ ಸ್ವಲ್ಪ ಭೂತಾಯಿಗೆ ಅಂತ ಹೊಲದಲ್ಲಿ ಎರಚಿ, ಬನ್ನಿ ಗಿಡದ ಕೆಳಗೋ ಬೇವಿನ ಕೆಳಗೋ ಕೂತು ಊಟ. ಹೊಲ ಇಲ್ಲದವರು ಹೊಲ ಇದ್ದ ಗೆಳೆಯರ ಜೊತೆ ಹೋಗುತ್ತಾರೆ. ಅದೂ ಆಗದಿದ್ದರೆ ಬುತ್ತಿ ಹಿಡಿದು ಪಬ್ಲಿಕ್ ಗಾರ್ಡನ್‌ಗೋ ಅಪ್ಪನ ಕೆರೆ ದಂಡೆಗೋ.

ಅಲ್ಲಿ ಯಾರು ವೇದಿಕೆ ಹಾಕುತ್ತಾರೆ? ಯಾರು ಉದ್ಘಾಟಿಸುತ್ತಾರೆ? ಕರಪತ್ರ ಇಲ್ಲ, ಮೈಕ್ ಇಲ್ಲ, ಆದರೂ ಇಡೀ ಜಿಲ್ಲೆ ಬರುತ್ತದೆ. ಯಾಕೆಂದರೆ ದಿನ ಎಲ್ಲರಿಗೂ ಗೊತ್ತು, ಊಟ ಎಲ್ಲರ ಕೈಯಲ್ಲೂ ಇದೆ, ನೆರಳು ಮೊದಲೇ ಇದೆ. ಬಂದವರೆಲ್ಲ ಏನಾದರೊಂದು ತಂದಿರುತ್ತಾರೆ, ಬರೀ ನೋಡುವವರು ಅಂತ ಯಾರೂ ಇರುವುದಿಲ್ಲ. ನಮಗೆ ಇದು ಅಜ್ಜನ ಕಾಲದಿಂದ ಗೊತ್ತಿರುವ ವಿದ್ಯೆ. ಗಾರ್ಡನ್‌ಗೆ ಬಂದಾಗ ಮಾತ್ರ ಮರೆತು ಪೆಂಡಾಲ್‌ನವನಿಗೆ ಫೋನ್ ಮಾಡುತ್ತೇವೆ.

ಹಾಗಾಗಿ ನಾವು ಎರಡನೇ ಸಲ ಬೆಳದಿಂಗಳ ಊಟ ಮಾಡಿದೆವು. ಹುಣ್ಣಿಮೆ ಸಂಜೆ 6.30ಕ್ಕೆ, ಅವರವರ ಮನೆಯ ಬುತ್ತಿ, ಅವರವರ ತಟ್ಟೆ ಲೋಟ, ಕೂರಲು ಜಮಖಾನ. ಸಂಘದಿಂದ ಕೊಟ್ಟಿದ್ದು ಕುಡಿಯುವ ನೀರು, ತೆರೆದ ಪಾಯಖಾನೆ, ಗೇಟಿನಿಂದ ರಸ್ತೆವರೆಗೆ ಬೆಳಕು. ಅಷ್ಟೇ. ಮೊದಲ ಸಲ ಹನ್ನೊಂದು ಮನೆಯವರು ಬಂದರು. ಅತಿಥಿಗಳನ್ನು ಕರೆದಿರಲಿಲ್ಲ, ಕಾಯುವ ಪ್ರಶ್ನೆಯೇ ಬರಲಿಲ್ಲ. 9ಕ್ಕೆ ಎದ್ದು ಹೋಗಿ ಅಂತ ನಾವೇ ಹೇಳಬೇಕಾಯಿತು.

ಬೆಳಕಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಗಾರ್ಡನ್ ಒಳಗೆ ನಾವು ಝಗಮಗ ಸೀರಿಯಲ್ ಸೆಟ್ ಹಾಕುತ್ತೇವೆ. ಗೇಟಿನ ಹೊರಗೆ ಕತ್ತಲು. ಒಬ್ಬ ಹೆಣ್ಣುಮಗಳು ಸಂಜೆ ಕಾರ್ಯಕ್ರಮಕ್ಕೆ ಬರಬೇಕೋ ಬೇಡವೋ ಅಂತ ನಿರ್ಧಾರ ಮಾಡುವುದು ಆ ಗೇಟಿನಿಂದ ಮನೆಯವರೆಗಿನ ದಾರಿ ನೋಡಿ. ನಮ್ಮಲ್ಲಿ ಎರಡು ಬೀದಿದೀಪ ಕೆಟ್ಟಿದ್ದವು. ಅವನ್ನು ರಿಪೇರಿ ಮಾಡಿಸಿದ ತಿಂಗಳು ಬರುವವರು ಹೆಚ್ಚಾದರು.

ಈಗ ಹೊತ್ತಿನ ಲೆಕ್ಕ. ಬೆಂಗಳೂರಿನವರು ಬೆಳಿಗ್ಗೆ 11ಕ್ಕೆ ಪಾರ್ಕ್‌ನಲ್ಲಿ ಸಂತೆ ಮಾಡಬಹುದು, ನಮ್ಮ ಊರಿನಲ್ಲಿ ಆಗಲ್ಲ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಈ ಭಾಗದಲ್ಲಿ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಸರ್ಕಾರವೇ ಬಿಸಿಲಿಗೆ ಮಣಿದ ಮೇಲೆ ನಮ್ಮ ಸಂಘದ್ದೇನು? ಬೇಸಿಗೆಯಲ್ಲಿ 6ರಿಂದ 8, ಇಲ್ಲವೇ ಸಂಜೆ 6ರ ಮೇಲೆ. ನಮ್ಮ ಒಳ್ಳೆಯ ಕಾಲ ದೀಪಾವಳಿಯಿಂದ ಶಿವರಾತ್ರಿವರೆಗೆ. ದೊಡ್ಡದೇನಾದರೂ ಮಾಡುವುದಿದ್ದರೆ ಅಷ್ಟರಲ್ಲಿ ಮುಗಿಸಿ. ಬೇಸಿಗೆಯಲ್ಲಿ ಗಾರ್ಡನ್ ಗೇಟಿನಲ್ಲಿ ಎರಡು ರಂಜಣಿಗಿ ಇಟ್ಟು ಅರವಟ್ಟಿಗೆ ಮಾಡಿದರೆ ಸಾಕು. ನನ್ನ ಕೇಳಿದರೆ ಅದೂ ಒಂದು ಕಾರ್ಯಕ್ರಮವೇ.

ಕ್ಯಾಲೆಂಡರ್ ನೋಡುವಾಗ ಎಲ್ಲರ ಕ್ಯಾಲೆಂಡರ್ ನೋಡಿ. ನಮ್ಮ ಬಡಾವಣೆಯಲ್ಲಿ ಮುಸ್ಲಿಂ ಮನೆಗಳೂ ಇವೆ. ಒಂದು ಹುಣ್ಣಿಮೆ ಶಬೆ ಬರಾತ್ ಬಂತು. ಅವತ್ತು ಅವರು ಹಿರಿಯರ ಗೋರಿಗೆ ಹೋಗುವ ರಾತ್ರಿ. ನಾವು ಒಂದು ವಾರ ಮುಂದಕ್ಕೆ ಹಾಕಿದೆವು. ರಂಜಾನ್‌ನಲ್ಲಿ ಸಂಜೆ ಊಟದ ಹೊತ್ತು ರೋಜಾ ಬಿಡುವ ಹೊತ್ತಿಗೆ ಹೊಂದಿಸಿಕೊಂಡೆವು. ಇದು ದೊಡ್ಡತನ ಏನಲ್ಲ. ಖಾಜಾ ಬಂದೇನವಾಜರ ಉರುಸಿಗೂ ಶರಣಬಸವೇಶ್ವರ ಜಾತ್ರೆಗೂ ಒಂದೇ ಮಂದಿ ಹೋಗುವ ಊರಿನಲ್ಲಿ ಇಷ್ಟಾದರೂ ಗೊತ್ತಿರಬೇಕು. ಇನ್ನು ಮಾರ್ಚ್, ಏಪ್ರಿಲ್‌ನಲ್ಲಿ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ. ಆಗ ಮೈಕ್ ಮಾತೇ ಬೇಡ.

ಮೈಕ್ ಅಂದಾಗ ಕಾನೂನಿನ ಮಾತು ಬಂತು. ಬೇಜಾರಿನ ಭಾಗ ಇದು, ಬೇಗ ಮುಗಿಸುತ್ತೇನೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವ ಹಾಗಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದೇ ಹೆಚ್ಚುಕಡಿಮೆ 60 ಇರುತ್ತದೆ. ಅಂದರೆ ಡಿಜೆ ಬಾಕ್ಸ್ ಎಲ್ಲಿ ನಿಲ್ಲುತ್ತದೆ ನೀವೇ ಲೆಕ್ಕ ಹಾಕಿ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತಲೂ ಇದೆ.

ಗಾರ್ಡನ್ ಯಾರದು ಅಂತ ಮೊದಲು ತಿಳಿದುಕೊಳ್ಳಿ. ಕೆಲವು ಮಹಾನಗರ ಪಾಲಿಕೆಯವು, ಕೆಲವು ತೋಟಗಾರಿಕೆ ಇಲಾಖೆಯವು. ಹೊಸ ಬಡಾವಣೆಯಾದರೆ ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇರಬಹುದು. ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಹದಿನೈದು ದಿನ ಓಡಾಡಿದ ಅನುಭವ ನನಗಿದೆ. ಬೇಸಿಗೆಯಲ್ಲಾದರೆ 1.30ಕ್ಕೆ ಕಚೇರಿ ಮುಚ್ಚುವುದು ನೆನಪಿರಲಿ, ಬೆಳಿಗ್ಗೆಯೇ ಹೋಗಿ. ಸ್ಮಾರಕದ ಪಕ್ಕದ ಹುಲ್ಲುಹಾಸು ಇನ್ನೊಂದು ಲೆಕ್ಕ. ನಮ್ಮ ಹಫ್ತ್ ಗುಂಬಜ್, ಬೀದರ್‌ನ ಬರೀದ್ ಶಾಹಿ ಗೋರಿಗಳಂಥ ಕಡೆ ಭಾರತೀಯ ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಗೂಟವನ್ನೂ ಹೊಡೆಯಬೇಡಿ.

ಇನ್ನೊಂದು ಕಾಯ್ದೆ ನಮ್ಮ ಪರವಾಗಿಯೇ ಇದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರಲ್ಲಿ ಕಾನೂನು ಬಂದಿದೆ. ಕಾರ್ಯಕ್ರಮದ ನೆಪದಲ್ಲಿ ಕಟ್ಟೆ ಕಟ್ಟುವುದು, ಕಾಯಂ ಸ್ಟೇಜ್ ಕಟ್ಟುವುದು, ಶೆಡ್ ಹಾಕುವುದು ಶುರುವಾದರೆ ನಾಳೆ ಗಾರ್ಡನ್ ಇರುವುದಿಲ್ಲ, ಬರೀ ಕಾರ್ಯಕ್ರಮ ಇರುತ್ತದೆ. ನಮ್ಮ ಸಂಘದಲ್ಲೂ ಒಬ್ಬ ಹಿರಿಯರು ಕಾಂಕ್ರೀಟ್ ವೇದಿಕೆಗೆ ದುಡ್ಡು ಕೊಡಲು ಬಂದಿದ್ದರು. ಕೈಮುಗಿದು ಬೇಡ ಅಂದೆವು. ಆ ದುಡ್ಡಿನಲ್ಲಿ ಆರು ಬೇವಿನ ಸಸಿ, ಅವಕ್ಕೆ ಬೇಲಿ ಮಾಡಿಸಿದರು. ಹತ್ತು ವರ್ಷಕ್ಕೆ ಅವೇ ಪೆಂಡಾಲ್.

ಕಸದ ವಿಷಯ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಒಂದು ಮಾತು ಬಂತು. ಇಂಥ ಜಾಗದಲ್ಲಿ 100ಕ್ಕಿಂತ ಹೆಚ್ಚು ಮಂದಿ ಸೇರುವ ಕಾರ್ಯಕ್ರಮ ಇದ್ದರೆ ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರೆ ಬೇರೆ ಮಾಡಿ ಕೊಡಬೇಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್, ಥರ್ಮಾಕೋಲ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ನಿಷೇಧದ ನಡುವೆಯೂ "ಸ್ವಚ್ಛತಾ ಕಾರ್ಯಕ್ರಮ" ಅಂತ ಫ್ಲೆಕ್ಸ್ ಮೇಲೆ ಬರೆಸುವವರನ್ನು ನೋಡಿದ್ದೇನೆ, ಅವರ ಮಾತು ಬಿಡಿ. ಬುತ್ತಿ ಊಟದಲ್ಲಿ ಈ ತಲೆನೋವೇ ಇಲ್ಲ. ತಂದ ತಟ್ಟೆ ಮನೆಗೇ ಹೋಗುತ್ತದೆ. ಉಳಿಯುವುದು ಶೇಂಗಾ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ. ಅದಕ್ಕೆ ಮೂಲೆಯಲ್ಲಿ ಗೊಬ್ಬರದ ಗುಂಡಿ ಇದೆ. ಒಂದು ನಿಯಮ ಮಾಡಿಕೊಂಡಿದ್ದೇವೆ: ಕಸಬರಿಗೆ ಹಿಡಿಯುವುದು ಆ ತಿಂಗಳು ಹೆಸರು ಬಂದವರು, ಮಾಲಿ ಅಲ್ಲ. ಅಧ್ಯಕ್ಷರ ಹೆಸರೂ ಸರದಿಯಲ್ಲಿ ಬರುತ್ತದೆ. ಅವತ್ತು ಬಹಳ ಮಂದಿ ಉಳಿದು ನೋಡುತ್ತಾರೆ!

ಮಾಲಿಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಗಾರ್ಡನ್ ಬಗ್ಗೆ ಎಲ್ಲ ತಿಳಿದವನು ಅವನೇ. ಪೈಪ್ ಎಲ್ಲಿ ಹೋಗಿದೆ, ಯಾವ ಮೂಲೆಯಲ್ಲಿ ಹಾವು ಕಂಡಿತ್ತು, ಯಾವ ಟೊಂಗೆ ಒಣಗಿದೆ, ನಳಕ್ಕೆ ನೀರು ಯಾವ ದಿನ ಬರುತ್ತದೆ, ಎಲ್ಲ. ಮೀಟಿಂಗ್‌ಗೆ ಅವನನ್ನು ಕರೆಯುವವರು ಯಾರೂ ಇಲ್ಲ. ಈಗ ನಮ್ಮಲ್ಲಿ ಮೊದಲ ಖುರ್ಚಿ ಅವನಿಗೆ. ಪಾಯಖಾನೆಯ ಕೀಲಿ ಎಲ್ಲಿತ್ತು ಅಂತ ಅವನೇ ಹೇಳಿದ್ದು. ಅವನ ಸೊಂಟದಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅವನು ಕೊಟ್ಟಿರಲಿಲ್ಲ.

ಒಂದು ಸಲ ಚೆನ್ನಾಗಿ ಮಾಡುವುದಕ್ಕಿಂತ ಮತ್ತೆ ಮತ್ತೆ ಮಾಡುವುದು ಕಷ್ಟ. ಆದರೆ ಗಾರ್ಡನ್‌ಗೆ ಬೇಕಾಗಿದ್ದು ಅದೇ. 2004ರ ಅಕ್ಟೋಬರ್ 2ರಂದು ಲಂಡನ್‌ನ ಬುಷಿ ಪಾರ್ಕ್‌ನಲ್ಲಿ 13 ಮಂದಿ ಸೇರಿ 5 ಕಿಲೋಮೀಟರ್ ಓಡಿದರು. ಶುಲ್ಕ ಇಲ್ಲ, ಬಹುಮಾನದ ಹಣ ಇಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಮುಂದಿನ ವಾರ ಮತ್ತೆ, ಅದರ ಮುಂದಿನ ವಾರ ಮತ್ತೆ. ಪಾರ್ಕ್‌ರನ್ ಅಂತ ಹೆಸರಾದ ಈ ಓಟ ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ 2023ರಲ್ಲಿ ಕೆಲವರು ಶನಿವಾರ ಬೆಳಿಗ್ಗೆ ಚಾಪೆ ಹಾಸಿ, ಪುಸ್ತಕ ಹಿಡಿದು ಸುಮ್ನೆ ಓದಲು ಶುರು ಮಾಡಿದರು. ಭಾಷಣ ಇಲ್ಲ, ಚರ್ಚೆ ಇಲ್ಲ. ಅದು ಬೇರೆ ಬೇರೆ ಊರುಗಳಿಗೂ ಹಬ್ಬಿತು. ಎರಡರಲ್ಲೂ ದಿನ ಬದಲಾಗುವುದಿಲ್ಲ. ನಮ್ಮ ಅಪ್ಪನ ತೇರೂ, ಅದೇ ಶರಣಬಸವೇಶ್ವರರ ತೇರೂ, ಹಾಗೇ ಅಲ್ವಾ? ಹೋಳಿ ಹುಣ್ಣಿಮೆ ಆದಮೇಲೆ ಐದನೇ ದಿನ. ಯಾವ ವಾಟ್ಸ್ಯಾಪ್ ಗ್ರೂಪೂ ಇಲ್ಲದ ಕಾಲದಿಂದ ಹಳ್ಳಿ ಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಏನು ಮಾಡಿಸಬೇಕು ಅಂತ ಬಹಳ ಜನ ಕೇಳುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿಮ್ಮ ಓಣಿಯಲ್ಲಿ ಯಾರಿಗೆ ಏನು ಬರುತ್ತದೆ? ನಮ್ಮಲ್ಲಿ ಒಬ್ಬ ಅಜ್ಜಿಗೆ ಬೀಸುವ ಪದ ಬರುತ್ತವೆ ಅಂತ ಅವರ ಸೊಸೆಗೇ ಗೊತ್ತಿರಲಿಲ್ಲ. ನಿವೃತ್ತ ಡ್ರೈವರ್ ಒಬ್ಬರು ಕಡಕೋಳ ಮಡಿವಾಳಪ್ಪನವರ ತತ್ವಪದ ಏಕತಾರಿ ಹಿಡಿದು ಹಾಡುತ್ತಾರೆ. ಪಕ್ಕದ ಗಲ್ಲಿಯ ಟೇಲರ್ ಸಾಹೇಬರು ದಖನಿ ಉರ್ದುವಿನಲ್ಲಿ ನಗೆಗವನ ಕಟ್ಟುತ್ತಾರೆ, ಅರ್ಥ ಆಗದವರೂ ನಗುತ್ತಾರೆ. ಐವತ್ತು ಅರವತ್ತು ಮಂದಿ ವೃತ್ತವಾಗಿ ಕೂತರೆ ಮೈಕ್ ಇಲ್ಲದೆ ಕೇಳುತ್ತದೆ. ಚೌಕಾಬಾರ, ಲಗೋರಿ, ಬೀಜ ಬದಲಿಸಿಕೊಳ್ಳುವ ಸಂತೆ, ಹಳೆಯ ಪಠ್ಯಪುಸ್ತಕ ಕೊಡುವ ತೆಗೆದುಕೊಳ್ಳುವ ದಿನ, ಎಲ್ಲವೂ ಆಗಿವೆ. ಒಂದು ಚಿತ್ರದ ದಿನ ಕೂಡ ಮಾಡಿದೆವು. ಚಿತ್ರಕಲಾವಿದ ಎಸ್.ಎಂ. ಪಂಡಿತರು ಹುಟ್ಟಿದ ಊರು ಇದು, ಅವರ ಹೆಸರಿನ ರಂಗಮಂದಿರದ ಮುಂದೆ ದಿನಾ ಓಡಾಡುತ್ತೇವೆ, ಮಕ್ಕಳ ಕೈಗೆ ಒಂದು ಬ್ರಷ್ ಕೊಡುವುದಿಲ್ಲ. ಸ್ಪರ್ಧೆ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಮಗು ಗೆದ್ದು ಇಪ್ಪತ್ತು ಮಕ್ಕಳು ಅಳುತ್ತಾ ಹೋದರೆ ಮುಂದಿನ ತಿಂಗಳು ಆ ಇಪ್ಪತ್ತು ಮನೆಯವರು ಬರುವುದಿಲ್ಲ. ಇದನ್ನು ಒಪ್ಪದವರೂ ನಮ್ಮ ಸಂಘದಲ್ಲಿದ್ದಾರೆ, ಜಗಳ ಇನ್ನೂ ನಡೆದಿದೆ.

ಇಷ್ಟು ನನ್ನ ಮಾತು. ಆಮೇಲೆ ಬಂದ ಪ್ರಶ್ನೆಗಳು ಇವು.

ಮಳೆ ಬಂದರೆ ಏನು ಮಾಡುತ್ತೀರಿ ಅಂತ ಒಬ್ಬರು ಕೇಳಿದರು. ಮಳೆ ಬಂದರೆ ಇಲ್ಲ, ಅಷ್ಟೇ ಅಂದೆ. ಬುತ್ತಿ ಮನೆಯಲ್ಲೇ ಉಣ್ಣುತ್ತಾರೆ. ಬಾಡಿಗೆ ಕೊಟ್ಟ ಪೆಂಡಾಲ್ ಇಲ್ಲದ ಮೇಲೆ ನಷ್ಟ ಯಾವುದು?

ನಾಯಿಗಳ ಕಾಟ ಅಂದರು ಇನ್ನೊಬ್ಬರು. ಊಟ ಚೆಲ್ಲದಿದ್ದರೆ ಅರ್ಧ ಕಡಿಮೆಯಾಗುತ್ತದೆ ಅಂದೆ. ಇನ್ನರ್ಧಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ರಾತ್ರಿ ಗಾರ್ಡನ್‌ನಲ್ಲಿ ಕುಡಿಯಲು ಬರುವವರ ಬಗ್ಗೆ ಒಬ್ಬ ಹುಡುಗಿ ಕೇಳಿದಳು. ಅವರೊಡನೆ ನಾವು ಜಗಳ ಮಾಡಿರಲಿಲ್ಲ. ತಿಂಗಳಿಗೊಂದು ಸಂಜೆ ಅಂತ ಶುರುವಾದದ್ದು ವಾರಕ್ಕೊಂದು ಸಂಜೆ ಆಯಿತು. ಬೆಂಚಿನ ಮೇಲೆ ಅಜ್ಜಿಯರು ಕೂತಿರುವ ಜಾಗದಲ್ಲಿ ಬಾಟಲಿ ತೆಗೆಯುವ ಧೈರ್ಯ ಕಡಿಮೆ. ಅಷ್ಟಕ್ಕೂ ಬಗ್ಗದವರಿಗೆ ಪೊಲೀಸರ 112 ಇದೆ.

ಹಿಂದಿನ ಸಾಲಿನಿಂದ ವಯಸ್ಸಾದ ತಾಯಿಯೊಬ್ಬರು ಕೈ ಎತ್ತಿದರು. "ಯಪ್ಪಾ, ನೀವೆಲ್ಲ ಜಮಖಾನಿ ಮ್ಯಾಲ ಕುಂದರ್ತೀರಿ. ನನ್ನ ಮೊಳಕಾಲು ಮಡಚಂಗಿಲ್ಲ. ನಾ ಎಲ್ಲಿ ಕುಂದರ್ಲಿ?"

ನನಗೆ ಆ ಕೀಲಿಯ ನೆನಪಾಯಿತು. ಎರಡು ವರ್ಷದಿಂದ ಮಾಡುತ್ತಿದ್ದೇವೆ, ನೆಲದ ಮೇಲೆ ಕೂರಲಾಗದವರನ್ನು ನಾವೂ ಲೆಕ್ಕ ಹಾಕಿರಲಿಲ್ಲ. ಖುರ್ಚಿ ಬಾಡಿಗೆ ತರಬೇಕಾ ಅಂತ ನಾನು ಯೋಚನೆ ಮಾಡುವಷ್ಟರಲ್ಲಿ ಅವರೇ ಅಂದರು. "ನಮ್ಮನ್ಯಾಗ ನಾಕು ಖುರ್ಚಿ ಅವ. ಹೊತ್ಕೊಂಡು ಬರಾಕ ಯಾರರ ಹುಡುಗರನ್ನ ಕಳಸ್ರಿ."

ನೋಟ್‌ಬುಕ್ ತೆಗೆದು ಬರೆದುಕೊಂಡೆ: ಮುಂದಿನ ಹುಣ್ಣಿಮೆ, ಸಂಜೆ 6, ಇಬ್ಬರು ಹುಡುಗರು, ನಾಲ್ಕು ಖುರ್ಚಿ.